ದಿನಕ್ಕೆ ಎಪ್ಪತ್ತು ರೂಪಾಯಿ, ತಿಂಗಳಿಗೆ ಅರ್ಧ ಕಿಲೊ

ಪಿಗ್ಮಿ ಎಂದರೆ ಏನು ಎಂದು ಉಡುಪಿ ಕಡೆಯವರಿಗೆ ಹೇಳಬೇಕಾಗಿಲ್ಲ. ಘಟ್ಟದ ಮೇಲಿನ ಓದುಗರಿಗಾಗಿ ಎರಡು ಮಾತು. ಸಂಜೆ ಹೊತ್ತು ಒಬ್ಬರು ಹೆಗಲಿಗೆ ಬ್ಯಾಗು ಹಾಕಿಕೊಂಡು ಅಂಗಡಿ ಅಂಗಡಿಗೆ, ಮನೆ ಮನೆಗೆ ಬರುತ್ತಾರೆ. ನೀವು ಐವತ್ತೋ ನೂರೋ ಕೊಡುತ್ತೀರಿ. ಮೊದಲಾದರೆ ಕಾರ್ಡಿನಲ್ಲಿ ಬರೆದು ಸಹಿ ಹಾಕುತ್ತಿದ್ದರು, ಈಗ ಕೈಯಲ್ಲಿರುವ ಸಣ್ಣ ಯಂತ್ರದಿಂದ ಚೀಟಿ ಹರಿದು ಕೊಡುತ್ತಾರೆ. ಅವಧಿ ಮುಗಿದ ಮೇಲೆ ಅಷ್ಟೂ ಹಣ ಸ್ವಲ್ಪ ಬಡ್ಡಿಯೊಂದಿಗೆ ನಿಮ್ಮದು. ಅಷ್ಟೇ.

ಇದು ಹುಟ್ಟಿದ್ದು ನಮ್ಮೂರಿನಲ್ಲೇ. 1925ರಲ್ಲಿ ಉಡುಪಿಯಲ್ಲಿ ಉಪೇಂದ್ರ ಅನಂತ ಪೈ, ವಾಮನ ಕುಡ್ವ ಮತ್ತು ಡಾ. ಟಿ.ಎಂ.ಎ. ಪೈ ಸೇರಿ ಕೆನರಾ ಇಂಡಸ್ಟ್ರಿಯಲ್ ಆ್ಯಂಡ್ ಬ್ಯಾಂಕಿಂಗ್ ಸಿಂಡಿಕೇಟ್ ಶುರು ಮಾಡಿದರು. ಬಂಡವಾಳ 8,000 ರೂಪಾಯಿ. ಕೈಮಗ್ಗದ ನೇಕಾರರಿಗೆ ನೆರವಾಗಬೇಕು ಎಂಬುದು ಮೊದಲ ಉದ್ದೇಶ. ಮುಂದೆ ಇದೇ ಸಿಂಡಿಕೇಟ್ ಬ್ಯಾಂಕ್ ಆಯಿತು. 1969ರಲ್ಲಿ ರಾಷ್ಟ್ರೀಕರಣವಾಗಿ, 2020ರ ಏಪ್ರಿಲ್ 1ರಂದು ಕೆನರಾ ಬ್ಯಾಂಕಿನೊಳಗೆ ಸೇರಿಹೋಯಿತು. 1928ರಲ್ಲಿ ಇವರು ತಂದದ್ದು ಪಿಗ್ಮಿ ಠೇವಣಿ. ದಿನಕ್ಕೆ ಎರಡಾಣೆ ಕೊಟ್ಟರೂ ಸಾಕು, ಬ್ಯಾಂಕಿನವರೇ ಮನೆ ಬಾಗಿಲಿಗೆ ಬಂದು ತೆಗೆದುಕೊಂಡು ಹೋಗುತ್ತಿದ್ದರು. ಎರಡಾಣೆ ಎಂದರೆ ಈಗಿನ ಲೆಕ್ಕದಲ್ಲಿ ಹನ್ನೆರಡೂವರೆ ಪೈಸೆ. ವರ್ಷಕ್ಕೆ 45 ರೂಪಾಯಿ 10 ಆಣೆ.

ಆ ಮೂವರಲ್ಲಿ ಒಬ್ಬರು ಡಾಕ್ಟರು ಎನ್ನುವುದು ನನಗೆ ಬಹಳ ಇಷ್ಟವಾದ ಸಂಗತಿ. ಟಿ.ಎಂ.ಎ. ಪೈಯವರು ಕಲ್ಯಾಣಪುರದಲ್ಲಿ ಹುಟ್ಟಿ, ಮದ್ರಾಸಿನಲ್ಲಿ ವೈದ್ಯಕೀಯ ಓದಿ, ಉಡುಪಿಯಲ್ಲಿ ರೋಗಿಗಳನ್ನು ನೋಡುತ್ತಿದ್ದವರು. 1953ರಲ್ಲಿ ಮಣಿಪಾಲದ ಕಸ್ತೂರ್ಬಾ ಮೆಡಿಕಲ್ ಕಾಲೇಜು ಕಟ್ಟಿದವರೂ ಅವರೇ. ದುಡ್ಡಿನ ವಿಷಯಕ್ಕೂ ದೇಹದ ವಿಷಯಕ್ಕೂ ಒಂದೇ ತಲೆ ಓಡಿದ ಊರು ನಮ್ಮದು.

ನಾನು ಬನ್ನಂಜೆಯಲ್ಲಿ ಇರುವವನು. ಪತ್ರಿಕೋದ್ಯಮದಲ್ಲಿ ಡಿಪ್ಲೊಮಾ, ಹನ್ನೊಂದು ವರ್ಷದಿಂದ ಜಿಲ್ಲೆಯ ಸ್ಟ್ರಿಂಗರ್. ಕಳೆದ 22 ತಿಂಗಳಿನಿಂದ ಎರಡು ಕೆಲಸ ಜೊತೆಜೊತೆಯಾಗಿ ಮಾಡುತ್ತಾ ಬಂದಿದ್ದೇನೆ. ಒಂದು, ಸೊಸೈಟಿಯೊಂದರಲ್ಲಿ ದಿನಕ್ಕೆ 70 ರೂಪಾಯಿ ಪಿಗ್ಮಿ. ಇನ್ನೊಂದು, ತೂಕ ಇಳಿಸುವುದು. ಎರಡರ ಲೆಕ್ಕವೂ ಒಂದೇ ನೋಟ್‌ಬುಕ್ಕಿನ ಹಿಂದಿನ ಪುಟಗಳಲ್ಲಿದೆ, ಎಡಗಡೆ ರೂಪಾಯಿ, ಬಲಗಡೆ ಕಿಲೊ. ಆ ಪುಟಗಳನ್ನು ನೋಡುತ್ತಾ ಇದನ್ನು ಬರೆಯುತ್ತಿದ್ದೇನೆ.

ಮೊದಲು ಸ್ಟ್ರಿಂಗರ್ ಹೊಟ್ಟೆಯ ಬಗ್ಗೆ. ಬೆಳಿಗ್ಗೆ ಮಣಿಪಾಲದ ರಜತಾದ್ರಿಯಲ್ಲಿ ಜಿಲ್ಲಾಧಿಕಾರಿ ಸಭೆ, ಹನ್ನೊಂದಕ್ಕೆ ಪತ್ರಿಕಾ ಭವನದಲ್ಲಿ ಸುದ್ದಿಗೋಷ್ಠಿ, ಮಧ್ಯಾಹ್ನ ಮಲ್ಪೆಯಲ್ಲೋ ಕಾಪುವಿನಲ್ಲೋ ಏನಾದರೂ ಘಟನೆ, ಸಂಜೆ ಕಾರ್ಕಳದಲ್ಲಿ ಉದ್ಘಾಟನೆ. ಎಲ್ಲ ಕಡೆ ಬೈಕಿನಲ್ಲಿ ಕುಳಿತೇ ಹೋಗುವುದು, ಹೋಗಿ ಮತ್ತೆ ಕುಳಿತುಕೊಳ್ಳುವುದು. ಎಲ್ಲ ಕಡೆ ಒಂದು ಚಾ. ಸುದ್ದಿಗೋಷ್ಠಿ ಕರೆದವರು ಸ್ವಲ್ಪ ಉಳ್ಳವರಾದರೆ ಗೋಳಿಬಜೆ ಅಥವಾ ಬನ್ಸ್. ವರದಿಗೆ ಸಿಗುವ ದುಡ್ಡು ಎರಡು ತಿಂಗಳು ತಡವಾಗಿ ಬಂದರೂ ಗೋಳಿಬಜೆ ಮಾತ್ರ ಬಿಸಿಬಿಸಿಯಾಗಿ ಆ ಕ್ಷಣವೇ ಬರುತ್ತದೆ. ಹೀಗೆ ಈ ಕೆಲಸಕ್ಕೆ ಸೇರಿದಾಗ 72 ಕಿಲೊ ಇದ್ದವನು 2023ರಲ್ಲಿ 91 ಕಿಲೊ. ಎತ್ತರ 168 ಸೆಂಟಿಮೀಟರ್.

ನಮ್ಮ ಸಂಬಂಧಿಕರಲ್ಲಿ ಇದಕ್ಕೆ ಆಕ್ಷೇಪ ಇರಲಿಲ್ಲ. ‘ಈಗ ಮೈ ಕೈ ತುಂಬಿಕೊಂಡಿದ್ದಾನೆ, ಕೆಲಸ ಚೆನ್ನಾಗಿ ನಡೆಯುತ್ತಾ ಇರಬೇಕು’ ಎಂದು ದೊಡ್ಡಮ್ಮ ಸಂತೋಷಪಟ್ಟಿದ್ದರು. ಅದೇ ಹೊತ್ತಿಗೆ ಅಮ್ಮನ ಎರಡೆಳೆ ಸರ ಅಡವಿನಲ್ಲಿತ್ತು. ಹೊರಗೆ ತುಂಬಿದ್ದು ಒಳಗೆ ಖಾಲಿ ಇರಬಹುದು ಎಂಬುದು ದೊಡ್ಡಮ್ಮನಿಗೆ ಹೇಗೆ ಗೊತ್ತಾಗಬೇಕು.

ಸರ ಅಡವಿಗೆ ಹೋದದ್ದು ಅಪ್ಪನ ಕಾಲಿಗಾಗಿ. ಅಪ್ಪ ಮುಂಬೈಯ ಉಡುಪಿ ಹೋಟೆಲುಗಳಲ್ಲಿ ಮೂವತ್ತು ವರ್ಷ ದುಡಿದು ಬಂದವರು. ಸಕ್ಕರೆ ಕಾಯಿಲೆ ಯಾವಾಗ ಶುರುವಾಯಿತೋ ಅವರಿಗೇ ಗೊತ್ತಿಲ್ಲ. 2021ರ ಮಳೆಗಾಲದಲ್ಲಿ ಚಪ್ಪಲಿ ಉಜ್ಜಿ ಆದ ಸಣ್ಣ ಗಾಯ ಮಾಯಲಿಲ್ಲ. ನೋವೂ ಇರಲಿಲ್ಲ, ಅದೇ ತೊಂದರೆ. ಸಕ್ಕರೆ ಹೆಚ್ಚಿದ್ದರೆ ಕಾಲಿನ ನರಗಳು ಸತ್ತಂತಾಗಿ ನೋವು ತಿಳಿಯುವುದಿಲ್ಲ, ರಕ್ತವೂ ಸರಿಯಾಗಿ ಹರಿಯುವುದಿಲ್ಲ. ಕೊನೆಗೆ ಎರಡು ಬೆರಳು ತೆಗೆಯಬೇಕಾಯಿತು. ಸರಕ್ಕೆ 48,000 ಸಿಕ್ಕಿತು. ಬಡ್ಡಿ ವರ್ಷಕ್ಕೆ ನೂರಕ್ಕೆ 12.

ಬಂಗಾರದ ಸಾಲ ಗೊತ್ತಲ್ಲ, ವರ್ಷಕ್ಕೊಮ್ಮೆ ಬಡ್ಡಿ ಕಟ್ಟಿ ರಿನೀವಲ್ ಮಾಡಿದರೆ ಯಾರೂ ಏನೂ ಕೇಳುವುದಿಲ್ಲ. ವರ್ಷಕ್ಕೆ 5,760 ರೂಪಾಯಿ. ಎರಡು ವರ್ಷದಲ್ಲಿ ಮನೆಯಿಂದ ಹೊರಟದ್ದು 11,520. ಅಸಲು 48,000 ಅಲ್ಲೇ, ಒಂದು ರೂಪಾಯಿ ಸರಿದಿಲ್ಲ.

2023ರ ಸೆಪ್ಟೆಂಬರಿನಲ್ಲಿ ಒಂದು ಆರೋಗ್ಯ ಶಿಬಿರದ ವರದಿಗೆ ಹೋಗಿದ್ದೆ. 30 ವರ್ಷ ದಾಟಿದವರಿಗೆಲ್ಲ ಸರ್ಕಾರದ ಕಡೆಯಿಂದ ಬಿಪಿ, ಸಕ್ಕರೆ ಪರೀಕ್ಷೆ ಉಚಿತವಾಗಿ ಮಾಡುತ್ತಾರೆ. ಇದು ನಿಮ್ಮ ಹತ್ತಿರದ ಆರೋಗ್ಯ ಕೇಂದ್ರದಲ್ಲೂ ಇದೆ, ಕೇಳಿ. ಬೆಳಿಗ್ಗೆ ತಿಂಡಿ ತಿನ್ನದೆ ಹೋಗಿದ್ದೆ ಎಂದು ತಿಳಿದು ಸಿಸ್ಟರ್ ನನ್ನ ಬೆರಳನ್ನೂ ಚುಚ್ಚಿದರು. 116. ‘ಗಡಿಯಲ್ಲಿದ್ದೀರಿ ಸರ್’ ಎಂದರು. ಖಾಲಿ ಹೊಟ್ಟೆಯಲ್ಲಿ 100ರ ಒಳಗೆ ಇರಬೇಕು. ಆಸ್ಪತ್ರೆಯಲ್ಲಿ ರಕ್ತ ತೆಗೆದು ನೋಡಿದಾಗ 126 ಮುಟ್ಟಿದರೆ, ಮತ್ತೊಮ್ಮೆ ನೋಡಿ ಖಚಿತಪಡಿಸಿಕೊಂಡು ಸಕ್ಕರೆ ಕಾಯಿಲೆ ಎನ್ನುತ್ತಾರೆ. ನಡುವೆ ಇರುವುದು ಗಡಿ. ಟೇಪು ಹಿಡಿದು ಸೊಂಟ ಅಳೆದರು, 104 ಸೆಂಟಿಮೀಟರ್. ನಮ್ಮ ದೇಶದ ಗಂಡಸರಿಗೆ 90, ಹೆಂಗಸರಿಗೆ 80 ದಾಟಬಾರದು ಎನ್ನುವುದು ಲೆಕ್ಕ.

ಅಪ್ಪನ ಪಾದ ದಿನಾ ನೋಡುವವನಿಗೆ 116 ಎಂದರೆ ಏನು ಎಂದು ಯಾರೂ ವಿವರಿಸಬೇಕಾಗಿಲ್ಲ.

ಆ ತಿಂಗಳೇ ಪಿಗ್ಮಿ ಶುರುವಾದದ್ದು ಅಮ್ಮನಿಂದ. ಅಮ್ಮ ಬೀಡಿ ಕಟ್ಟಿ ಮನೆ ನಡೆಸಿದವರು. ನನ್ನ ಡಿಪ್ಲೊಮಾದ ಫೀಸು ಅವರ ಪಿಗ್ಮಿಯಿಂದ ಬಂದದ್ದು. ‘ಒಟ್ಟಿಗೆ ಹಣ ಬರ್ಲಿ, ಆಗ ಸಾಲ ತೀರಿಸುವಾ ಅಂತ ಕೂತ್ರೆ ಸರ ನನ್ನ ಬೊಜ್ಜಕ್ಕೂ ಬರುದಿಲ್ಲ’ ಎಂದರು. ಬೊಜ್ಜ ಎಂದರೆ ತುಳುವರಲ್ಲಿ ಸತ್ತ ಮೇಲಿನ ಕಾರ್ಯ. ಅಮ್ಮ ಮಾತಾಡುವುದೇ ಹಾಗೆ.

ಸುದ್ದಿ ಬರೆದ ದುಡ್ಡು ಯಾವಾಗ ಬರುತ್ತದೆ ಎಂದು ನನಗೆ ಹೇಳಲಾಗದು. ಆದರೆ ಸಂಜೆ ಹೊತ್ತು ಮದುವೆ ಕಾಗದ, ಬ್ಯಾನರು ಡಿಸೈನ್ ಮಾಡಿಕೊಡುತ್ತೇನೆ, ಫೋಟೊ ತೆಗೆಯುತ್ತೇನೆ. ಅದರಿಂದ ಜೇಬಿನಲ್ಲಿ ದಿನವೂ ಸ್ವಲ್ಪ ಬಿಡಿ ಹಣ ಇರುತ್ತದೆ. ಹೋಗುವುದೂ ಅಲ್ಲಿಂದಲೇ. ಹಳೆಯ ಹಂಚಿನ ಮನೆಯಲ್ಲಿ ಇದ್ದವರಿಗೆ ಇದು ಗೊತ್ತು. ಮರ ಬಿದ್ದು ಮಾಡು ಮುರಿಯುವುದು ಎಷ್ಟೋ ವರ್ಷಕ್ಕೊಮ್ಮೆ. ಪಕಾಸು ಕುಂಬಾಗುವುದು ಒಂದು ಹಂಚು ಎರಡು ಬೆರಳು ಸರಿದು, ಆಷಾಢ ಪೂರ್ತಿ ತೊಟ್ಟು ತೊಟ್ಟು ನೀರು ಇಳಿದು.

ನೋಟ್‌ಬುಕ್ಕಿನಲ್ಲಿ ಮೊದಲ ತಿಂಗಳು ನಾನು ಏನನ್ನೂ ಬದಲಿಸಲಿಲ್ಲ, ಬರೆದುಕೊಂಡದ್ದು ಮಾತ್ರ. ತಿಂಗಳ ಕೊನೆಗೆ ನೋಡಿದರೆ ಎರಡೂ ಕಡೆ ಸೋರಿಕೆ ಒಂದೇ ಜಾಗದಲ್ಲಿತ್ತು.

ಮದುವೆ ಊಟವಲ್ಲ. ಇದನ್ನು ಒತ್ತಿ ಹೇಳುತ್ತೇನೆ, ಏಕೆಂದರೆ ತೂಕ ಇಳಿಸಲು ಹೊರಟವರು ಮೊದಲು ಬಿಡುವುದು ನೆಂಟರ ಮನೆಯ ಊಟವನ್ನು. ನಮ್ಮಲ್ಲಿ ಏಪ್ರಿಲ್, ಮೇ ತಿಂಗಳಲ್ಲಿ ಮದುವೆ, ಕೋಲ, ನಾಗಮಂಡಲ ಎಂದು ವಾರಕ್ಕೆ ಎರಡು ಮೂರು ಊಟ ಇರುತ್ತದೆ. ಆದರೆ ವರ್ಷವಿಡೀ ಎಣಿಸಿದರೆ ಮೂವತ್ತೋ ನಲವತ್ತೋ ಊಟ. ಸುದ್ದಿಗೋಷ್ಠಿಯ ಚಾ ವರ್ಷಕ್ಕೆ ಸಾವಿರದ ಮೇಲೆ.

ನಾನು ದಿನಕ್ಕೆ ಐದು ಚಾ ಕುಡಿಯುತ್ತಿದ್ದೆ. ಒಂದಕ್ಕೆ ಎರಡು ಚಮಚ ಸಕ್ಕರೆ. ಚಮಚಕ್ಕೆ 5 ಗ್ರಾಂ ಹಿಡಿದರೆ ದಿನಕ್ಕೆ 50 ಗ್ರಾಂ, ತಿಂಗಳಿಗೆ ಒಂದೂವರೆ ಕಿಲೊ ಸಕ್ಕರೆ. ಒಂದು ಗ್ರಾಂ ಸಕ್ಕರೆಯಲ್ಲಿ 4 ಕ್ಯಾಲೊರಿ, ಅಂದರೆ ದಿನಕ್ಕೆ 200. ಮೈಯಲ್ಲಿ ಒಂದು ಕಿಲೊ ಕೊಬ್ಬು ಎಂದರೆ ಹೆಚ್ಚು ಕಡಿಮೆ 7,700 ಕ್ಯಾಲೊರಿಯ ಠೇವಣಿ. ಈಗ ನೀವೇ ಭಾಗಿಸಿ ನೋಡಿ, ಚಾದ ಸಕ್ಕರೆಯೊಂದೇ 38 ದಿನಕ್ಕೆ ಒಂದು ಕಿಲೊದಷ್ಟಾಗುತ್ತದೆ.

ಒಮ್ಮೆಲೇ ಚಪ್ಪೆ ಚಾ ಕುಡಿಯಲು ನನ್ನಿಂದಾಗದು ಎಂದು ಗೊತ್ತಿತ್ತು. ಎರಡರಿಂದ ಒಂದೂವರೆ, ಒಂದು, ಅರ್ಧ ಎಂದು ನಾಲ್ಕು ತಿಂಗಳು ತೆಗೆದುಕೊಂಡೆ. ಈಗ ಯಾರಾದರೂ ಸಕ್ಕರೆ ಹಾಕಿದ ಚಾ ಕೊಟ್ಟರೆ ಪಾಯಸದಂತೆ ಅನಿಸುತ್ತದೆ.

ಎರಡನೆಯದು ಅನ್ನ. ನಮ್ಮದು ಕುಚ್ಚಲಕ್ಕಿ. ಮಧ್ಯಾಹ್ನ ಮೂರು ಸೌಟು, ರಾತ್ರಿ ಮೂರು ಸೌಟು ಬಡಿಸಿಕೊಳ್ಳುತ್ತಿದ್ದೆ. ಹೊಟ್ಟೆ ತುಂಬಿತೇ ಎಂದು ನೋಡಿ ನಿಲ್ಲಿಸುವ ಕ್ರಮ ನಮ್ಮಲ್ಲಿಲ್ಲ, ಸಾರು ಮುಗಿಯುವವರೆಗೆ ಅನ್ನ, ಅನ್ನ ಮುಗಿಯುವವರೆಗೆ ಸಾರು. ಇಲ್ಲಿ ಪಿಗ್ಮಿಯ ಬುದ್ಧಿ ಕೆಲಸಕ್ಕೆ ಬಂತು. ಪಿಗ್ಮಿಯ ಗುಟ್ಟು ಏನು? ಖರ್ಚಾಗಿ ಉಳಿದದ್ದನ್ನು ಅದು ಕೇಳುವುದಿಲ್ಲ. ಖರ್ಚಾಗುವ ಮೊದಲೇ ಬಾಗಿಲಿಗೆ ಬಂದು ಕೈ ಚಾಚುತ್ತದೆ. ಹಾಗೆಯೇ ಊಟಕ್ಕೆ ಕೂರುವ ಮೊದಲೇ ಎರಡು ಸೌಟು ಬಡಿಸಿಕೊಂಡು, ಪಾತ್ರೆಯನ್ನು ಒಳಗಿಟ್ಟು ಬರುವುದು. ಅನ್ನ ಇಳಿದ ಜಾಗಕ್ಕೆ ಬಸಳೆ, ಹುರುಳಿ, ತೊಂಡೆಕಾಯಿ ಪಲ್ಯ. ಬಂಗುಡೆ, ಬೂತಾಯಿ ಬಿಡಲಿಲ್ಲ, ಕಾವಲಿಯ ಮೇಲಿಂದ ಸಾರಿನೊಳಗೆ ಹೋದವು ಅಷ್ಟೆ. ದೊಡ್ಡ ಚಮಚದಲ್ಲಿ ಒಂದು ಚಮಚ ಎಣ್ಣೆ ಎಂದರೆ 120 ಕ್ಯಾಲೊರಿ.

ಮೂರನೆಯದು ನಡಿಗೆ. ಬೆಳಿಗ್ಗೆ ಬನ್ನಂಜೆಯಿಂದ ಅಜ್ಜರಕಾಡು ಮೈದಾನಕ್ಕೆ ಹೋಗಿ ಬರುತ್ತೇನೆ, ಮಳೆಗಾಲದಲ್ಲಿ ನಮ್ಮ ಕೆಎಸ್‌ಆರ್‌ಟಿಸಿ ಬಸ್ ನಿಲ್ದಾಣದ ಮಾಡಿನಡಿ. ಬಸ್ ಕಾಯುವವರು ಮೊದಲು ವಿಚಿತ್ರವಾಗಿ ನೋಡುತ್ತಿದ್ದರು. 90 ಕಿಲೊ ಇರುವವರು ಅರ್ಧ ಗಂಟೆ ಬಿರುಸಾಗಿ ನಡೆದರೆ ಸುಮಾರು 150 ಕ್ಯಾಲೊರಿ. ವಾಪಸು ಬರುವಾಗ ಹೋಟೆಲಿಗೆ ನುಗ್ಗಿ ಒಂದು ಪ್ಲೇಟು ಗೋಳಿಬಜೆ ತಿಂದರೆ ಅದು ಅಲ್ಲಿಗೆ ಮುಗಿಯಿತು, ಮೇಲಿಂದ ಸ್ವಲ್ಪ ಸಾಲವೂ ಆಯಿತು. ಅಜ್ಜರಕಾಡಿನಲ್ಲಿ ವರ್ಷಗಟ್ಟಲೆಯಿಂದ ಅದೇ ಹೊಟ್ಟೆ ಹೊತ್ತು ಸುತ್ತು ಹಾಕುವವರನ್ನು ಕಂಡರೆ ನನಗೆ ನಮ್ಮ ರಿನೀವಲ್ ನೆನಪಾಗುತ್ತಿತ್ತು. ನಡಿಗೆ ಬಡ್ಡಿ ಕಟ್ಟುತ್ತದೆ, ಸಾಲ ಮುಂದೆ ಬೆಳೆಯದಂತೆ ನೋಡಿಕೊಳ್ಳುತ್ತದೆ. ಅಸಲು ಇಳಿಯುವುದು ಬಟ್ಟಲಿನಲ್ಲಿ.

ಹಾಗೆಂದು ನಡಿಗೆ ದಂಡ ಎನ್ನಬೇಡಿ. ಚೆನ್ನೈಯಲ್ಲಿ ಡಾ. ಎ. ರಾಮಚಂದ್ರನ್ ಮತ್ತು ಅವರ ಸಂಗಡಿಗರು ಗಡಿಯಲ್ಲಿದ್ದ 531 ಜನರನ್ನು ಗುಂಪು ಮಾಡಿ ಎರಡೂವರೆ ವರ್ಷದಷ್ಟು ಕಾಲ ನೋಡಿ, 2006ರಲ್ಲಿ ಫಲಿತಾಂಶ ಪ್ರಕಟಿಸಿದರು. ಏನೂ ಮಾಡದೆ ಬಿಟ್ಟವರಲ್ಲಿ ನೂರಕ್ಕೆ 55 ಮಂದಿಗೆ ಸಕ್ಕರೆ ಕಾಯಿಲೆ ಬಂತು. ಊಟ ಸರಿಪಡಿಸಿಕೊಂಡು ನಡೆದವರಲ್ಲಿ 39 ಮಂದಿಗೆ. ಕುತೂಹಲದ ಸಂಗತಿ ಏನೆಂದರೆ ಈ ಎರಡನೇ ಗುಂಪಿನವರ ತೂಕ ಹೇಳಿಕೊಳ್ಳುವಷ್ಟು ಇಳಿದಿರಲಿಲ್ಲ. ತಕ್ಕಡಿ ತೋರಿಸದ ಲಾಭವೂ ಇರುತ್ತದೆ. ಆದರೆ 39 ಎನ್ನುವುದು ಸೊನ್ನೆ ಅಲ್ಲ, ಅದನ್ನೂ ನೋಡಬೇಕು.

ತಕ್ಕಡಿಯ ವಿಷಯ ಬಂತು. ನನ್ನ ತಕ್ಕಡಿ ಗುಜರಿ ಅಂಗಡಿಯದು. ತಿಂಗಳ ಮೊದಲ ಭಾನುವಾರ ಹಳೆಯ ಪೇಪರು ಹಾಕಲು ಹೋಗುತ್ತೇನೆ, ಪೇಪರು ಇಳಿಸಿದ ಮೇಲೆ ನಾನು ಹತ್ತುತ್ತೇನೆ. ‘ನಿಮ್ಮದು ರೇಟು ಇಲ್ಲ ಮಾರಾಯ್ರೆ, ಪೇಪರಿಗಾದ್ರೂ ಉಂಟು’ ಎಂದು ಅಂಗಡಿಯವರ ತಮಾಷೆ. ತಿಂಗಳಿಗೊಮ್ಮೆ ಸಾಕು. ಮನೆಯಲ್ಲಿ ಯಂತ್ರ ಇಟ್ಟುಕೊಂಡು ದಿನಾ ಹತ್ತುವವರು ಹುಚ್ಚರಾಗುತ್ತಾರೆ. ಹಿಂದಿನ ದಿನ ಉಪ್ಪಿನಕಾಯಿ, ಹಪ್ಪಳ, ಎರಡು ಸುತ್ತು ಅನ್ನ ಆಗಿದ್ದರೆ ಮರುದಿನ ಒಂದು ಒಂದೂವರೆ ಕಿಲೊ ಏರಿರುತ್ತದೆ. ಅದು ಕೊಬ್ಬಲ್ಲ, ಉಪ್ಪು ಹಿಡಿದಿಟ್ಟ ನೀರು ಮತ್ತು ಇನ್ನೂ ಹೊಟ್ಟೆಯಲ್ಲಿರುವ ಊಟ. ಬಿಲ್ಲು ಜಮೆಯಾದ ದಿನ ಪಾಸ್‌ಬುಕ್ ನೋಡಿ ನಾನು ಶ್ರೀಮಂತ ಎಂದುಕೊಂಡಂತೆ, ಎರಡೂ ದಿನದ ಮಾತು.

ಇಲ್ಲಿಯವರೆಗೆ ದುಡ್ಡೂ ದೇಹವೂ ಒಂದೇ ದಾರಿಯಲ್ಲಿ ಬಂದವು. ಇನ್ನು ಮುಂದೆ ಬರುವುದಿಲ್ಲ. ನನಗೆ ನಿಜವಾಗಿ ಹೇಳಬೇಕಾಗಿರುವುದು ಇದನ್ನೇ.

ಪಿಗ್ಮಿ ನಾನು ಆರು ತಿಂಗಳ ಅವಧಿಗೆ ಮಾಡಿದ್ದು. ಪಿಗ್ಮಿಗೆ ಸಿಗುವ ಬಡ್ಡಿ ಕಡಿಮೆ, ಸಾಲಕ್ಕೆ ಕೊಡುವ ಬಡ್ಡಿ ಹೆಚ್ಚು. ಹಾಗಾಗಿ ಹಣವನ್ನು ಅಲ್ಲೇ ವರ್ಷಗಟ್ಟಲೆ ಕೂಡಿಡುವುದಕ್ಕಿಂತ ಅವಧಿ ಮುಗಿದ ಕೂಡಲೇ ಸಾಲಕ್ಕೆ ಕಟ್ಟುವುದು ಲಾಭ. ಬಂಗಾರದ ಸಾಲದಲ್ಲಿ ಅಸಲಿನ ಒಂದು ಭಾಗ ಕಟ್ಟಲು ಬಿಡುತ್ತಾರೆ. ಬಾಯಿಬಿಟ್ಟು ಕೇಳಬೇಕು, ಅವರಾಗಿ ಹೇಳುವುದಿಲ್ಲ. 70 ರೂಪಾಯಿಯಂತೆ 180 ದಿನಕ್ಕೆ 12,600. ಮೊದಲ ಸಲ ಕಟ್ಟಿದಾಗ ಅದರಲ್ಲಿ 2,880 ಬಡ್ಡಿಗೆ ಹೋಗಿ ಅಸಲು ಇಳಿದದ್ದು 9,720. ಎರಡನೇ ಸಲ ಅದೇ 12,600ಕ್ಕೆ ಅಸಲು 10,303 ಇಳಿಯಿತು. ಮೂರನೇ ಸಲ 10,921. ಕಟ್ಟುವ ಹಣ ಅಷ್ಟೇ, ಆದರೆ ಸಾಲ ಸಣ್ಣದಾದಷ್ಟೂ ಬಡ್ಡಿ ಸಣ್ಣದಾಗಿ ಪ್ರತಿ ಸಲ ಹೆಚ್ಚು ಹೆಚ್ಚು ಇಳಿಯುತ್ತದೆ. ಸಾಲ ತೀರುತ್ತಾ ತೀರುತ್ತಾ ಓಟ ಜೋರಾಗುತ್ತದೆ.

ಈಗ ಬಲಗಡೆಯ ಪುಟ. ಮೊದಲ ಆರು ತಿಂಗಳಲ್ಲಿ 5 ಕಿಲೊ. ಮುಂದಿನ ಆರು ತಿಂಗಳಲ್ಲಿ 3. ಅದರ ಮುಂದಿನ ಆರರಲ್ಲಿ 2. ಕೊನೆಯ ನಾಲ್ಕು ತಿಂಗಳಲ್ಲಿ 1. ಮಾಡುತ್ತಿರುವುದು ಅದನ್ನೇ, ಇಳಿಯುವುದು ಮಾತ್ರ ಕಡಿಮೆ ಕಡಿಮೆ. ದಿನಕ್ಕೆ 200 ಕ್ಯಾಲೊರಿ ಉಳಿತಾಯ ಎಂದು ಇಟ್ಟುಕೊಂಡರೂ ಕಾಗದದ ಲೆಕ್ಕದಲ್ಲಿ 22 ತಿಂಗಳಿಗೆ 17 ಕಿಲೊ ಇಳಿಯಬೇಕಿತ್ತು. ಇಳಿದದ್ದು 11.

ಯಾಕೆ ಹೀಗೆ? ದೇಹ ಬ್ಯಾಂಕಿನ ಹಾಗೆ ಅಲ್ಲ, ನಮ್ಮ ಅಮ್ಮನ ಹಾಗೆ. ಬೀಡಿ ಎಲೆ ಬಾರದೆ ಕೆಲಸ ನಿಂತ ವಾರ ಅಮ್ಮ ಏನು ಮಾಡುತ್ತಿದ್ದರು? ಯಾರಿಗೂ ಹೇಳದೆ ಖರ್ಚು ಇಳಿಸುತ್ತಿದ್ದರು. ತೆಂಗಿನಕಾಯಿ ಅರ್ಧ, ಸೀಮೆಎಣ್ಣೆ ದೀಪ ಬೇಗ ಆರಿಸುವುದು. ಊಟ ಕಡಿಮೆ ಬರುತ್ತಿದೆ ಎಂದು ತಿಳಿದರೆ ದೇಹವೂ ಹಾಗೆಯೇ ತನ್ನ ಖರ್ಚು ಇಳಿಸಿಕೊಳ್ಳುತ್ತದೆ. ಅಲ್ಲದೆ 91 ಕಿಲೊ ಹೊತ್ತು ನಡೆಯಲು ಬೇಕಾಗುವಷ್ಟು ಇಂಧನ 80 ಕಿಲೊ ಹೊತ್ತು ನಡೆಯಲು ಬೇಡ. ಹಸಿವೂ ಹೆಚ್ಚುತ್ತದೆ. ಬರಗಾಲ ಬಂದಿದೆ ಎಂದು ಅದರ ಎಣಿಕೆ, ಮಗನನ್ನು ಉಳಿಸಿಕೊಳ್ಳಲು ನೋಡುತ್ತಿದೆ. ಅದನ್ನು ಶತ್ರು ಎಂದು ಬೈಯಲು ನನಗೆ ಮನಸ್ಸು ಬರುವುದಿಲ್ಲ.

ಇದು ಗೊತ್ತಿಲ್ಲದವರು ಏಳೆಂಟು ತಿಂಗಳಿಗೆ ಕೈಬಿಡುತ್ತಾರೆ. ‘ಮೊದಲು ಇಳೀತಿತ್ತು, ಈಗ ಇಳೀತಿಲ್ಲ, ನನ್ನ ಮೈಯೇ ಹೀಗೆ’ ಎನ್ನುತ್ತಾರೆ. ಅಲ್ಲಿಗೆ ಸರಿಯಾಗಿ ಯಾರೋ ಒಬ್ಬ ಗೆಳೆಯ ಡಬ್ಬಿ ಹಿಡಿದುಕೊಂಡು ಬರುತ್ತಾನೆ. ಹದಿನೈದು ದಿನದಲ್ಲಿ ಏಳು ಕಿಲೊ, ಬೆಳಿಗ್ಗೆ ರಾತ್ರಿ ಊಟದ ಬದಲು ಈ ಪುಡಿ ಕಲಸಿ ಕುಡಿಯಿರಿ, ನೀವೂ ಇಬ್ಬರನ್ನು ಸೇರಿಸಿದರೆ ನಿಮಗೂ ಕಮಿಷನ್. ಹದಿನೈದು ದಿನದಲ್ಲಿ ಇಳಿಯುವುದು ಬಹುಪಾಲು ನೀರು, ಜೊತೆಗೆ ಸ್ನಾಯು. ಡಬ್ಬಿ ಮುಗಿದ ಮೇಲೆ ಅನ್ನ ತಿನ್ನಲೇಬೇಕಲ್ಲ. ತಿಂಗಳಿಗೆ ಒಂದೆರಡು ಕಿಲೊ, ಹೆಚ್ಚೆಂದರೆ ಮೂರು ನಾಲ್ಕು ಕಿಲೊಗಿಂತ ವೇಗವಾಗಿ ಇಳಿಸಬೇಕಾದರೆ ಅದು ಡಾಕ್ಟರರ ಕೈಕೆಳಗೆ ಆಗಬೇಕಾದ ಕೆಲಸ.

ದುಡ್ಡಿನ ಕಡೆಯ ಡಬ್ಬಿ ನಿಮ್ಮ ಫೋನಿನಲ್ಲೇ ಇದೆ. ಐದು ನಿಮಿಷದಲ್ಲಿ ಸಾಲ. ನಾನು ಠಾಣೆಗಳಲ್ಲಿ ಕುಳಿತು ಬರೆದುಕೊಂಡ ಕಥೆಗಳಲ್ಲಿ ಸಾಲದ ಮೊತ್ತ ಮೂರೋ ನಾಲ್ಕೋ ಸಾವಿರ, ಮುಂದಿನದು ಹೇಳಲಾರೆ. ರಿಸರ್ವ್ ಬ್ಯಾಂಕ್ 2022ರಲ್ಲೇ ನಿಯಮ ಮಾಡಿದೆ, ಆ್ಯಪಿನ ಹಿಂದೆ ಯಾವ ಬ್ಯಾಂಕ್ ಅಥವಾ ಹಣಕಾಸು ಕಂಪನಿ ಇದೆ ಎಂದು ಹೇಳಲೇಬೇಕು, ಹಣ ಅದರ ಖಾತೆಯಿಂದ ನೇರ ನಿಮ್ಮ ಖಾತೆಗೇ ಬರಬೇಕು. ಹೆಸರು ಹೇಳದ ಆ್ಯಪ್ ಕಂಡರೆ ಅಳಿಸಿ. ಮನೆ ಬಾಗಿಲಿಗೆ ಬಂದು ಹೆದರಿಸಿ ಸಾಲ ವಸೂಲಿ ಮಾಡುವುದರ ವಿರುದ್ಧ ನಮ್ಮ ರಾಜ್ಯ ಸರ್ಕಾರ 2025ರ ಫೆಬ್ರುವರಿಯಲ್ಲಿ ಸುಗ್ರೀವಾಜ್ಞೆಯನ್ನೇ ತರಬೇಕಾಯಿತು.

ಪಿಗ್ಮಿಯನ್ನೂ ಕಣ್ಣುಮುಚ್ಚಿ ಹೊಗಳಲಾರೆ. ಬ್ಯಾಂಕಿನಲ್ಲಿ, ಸಹಕಾರಿ ಬ್ಯಾಂಕೂ ಸೇರಿ, ಒಬ್ಬರ 5 ಲಕ್ಷದವರೆಗಿನ ಠೇವಣಿಗೆ ವಿಮೆ ಇದೆ. ಆದರೆ ಹೆಸರಿನಲ್ಲಿ ಬ್ಯಾಂಕ್ ಎಂದಿಲ್ಲದ ಸಹಕಾರಿ ಸೊಸೈಟಿಗಳಿಗೆ ಆ ವಿಮೆ ಇಲ್ಲ. ನನ್ನದೂ ಸೊಸೈಟಿಯೇ. ಅದಕ್ಕಾಗಿಯೇ ಆರು ತಿಂಗಳಿಗಿಂತ ಹೆಚ್ಚು ಅಲ್ಲಿ ಇಡುವುದಿಲ್ಲ. ಸಂಗ್ರಹಕ್ಕೆ ಬಂದವರು ಚೀಟಿ ಕೊಡದೆ ಹೋದರೆ ಹಣ ಕೊಡಬೇಡಿ, ಎಷ್ಟೇ ಪರಿಚಯದವರಾದರೂ. ಅವಧಿಗೆ ಮೊದಲು ಮುರಿದರೆ ಹಣ ಹಿಡಿದುಕೊಳ್ಳುತ್ತಾರೆ, ಎಷ್ಟು ಎಂದು ಮೊದಲೇ ಕೇಳಿಡಿ.

ನಮ್ಮ ಬೀದಿಗೆ ಬರುವ ಪಿಗ್ಮಿ ಅಣ್ಣನಿಗೆ ಐವತ್ತು ದಾಟಿದೆ. ಸಂಗ್ರಹಿಸಿದಷ್ಟಕ್ಕೆ ಕಮಿಷನ್, ಬರೆದಷ್ಟಕ್ಕೆ ದುಡ್ಡು ಸಿಗುವ ನನ್ನ ಹಾಗೆಯೇ. ಬ್ಯಾಂಕುಗಳ ಠೇವಣಿ ಸಂಗ್ರಾಹಕರೂ ಕಾರ್ಮಿಕರೇ ಎಂದು ಸುಪ್ರೀಂ ಕೋರ್ಟ್ 2001ರಲ್ಲಿ ಹೇಳಿತು, ಸಿಂಡಿಕೇಟ್ ಬ್ಯಾಂಕಿನವರ ಪ್ರಕರಣವೂ ಅದರಲ್ಲಿತ್ತು. ಮಳೆ ಬರಲಿ, ಹರತಾಳವಾಗಲಿ, ಇವರು ಬರುತ್ತಾರೆ. ಭಾನುವಾರ ಮಾತ್ರ ಇಲ್ಲ, ಸೋಮವಾರ ಎರಡು ದಿನದ್ದು. ಕೊಡಲು ಇಲ್ಲದ ದಿನ ನಾಳೆ ಕೊಡಿ ಎನ್ನುತ್ತಾರೆ, ಮರುದಿನ ಮರೆಯದೆ ಕೇಳುತ್ತಾರೆ. ಬೈಯುವುದಿಲ್ಲ. ಊಟದ ವಿಷಯಕ್ಕೆ ಹೀಗೆ ಬಾಗಿಲಿಗೆ ಬಂದು ಕೇಳುವವರು ಯಾರೂ ಇಲ್ಲದಿರುವುದೇ ದೊಡ್ಡ ಕೊರತೆ. ನನ್ನ ಮಟ್ಟಿಗೆ ಗುಜರಿ ಅಂಗಡಿಯವರು ಆ ಕೆಲಸ ಮಾಡುತ್ತಿದ್ದಾರೆ. ನೀವು ಹೆಂಡತಿಗೆ, ಅಕ್ಕನಿಗೆ, ಆಶಾ ಕಾರ್ಯಕರ್ತೆಗೆ, ಯಾರಿಗಾದರೂ ತಿಂಗಳಿಗೊಮ್ಮೆ ತೂಕ ಹೇಳುತ್ತೇನೆ ಎಂದು ಒಪ್ಪಿಕೊಂಡು ನೋಡಿ.

ಒಂದು ಎಚ್ಚರಿಕೆ ಹೇಳಲೇಬೇಕು. ಸಕ್ಕರೆ ಕಾಯಿಲೆಗೆ ಮಾತ್ರೆ, ಇನ್ಸುಲಿನ್ ತೆಗೆದುಕೊಳ್ಳುತ್ತಿರುವವರು ಇದನ್ನು ಓದಿ ಊಟ ಇಳಿಸಬಾರದು. ಮಾತ್ರೆ ಅಷ್ಟೇ ಇದ್ದು ಅನ್ನ ಕಡಿಮೆಯಾದರೆ ಸಕ್ಕರೆ ಕುಸಿದು ಬೀಳಬಹುದು, ಮೊದಲು ಡಾಕ್ಟರನ್ನು ಕೇಳಿ. ಏನೂ ಮಾಡದೆ ತಾನಾಗಿ ತೂಕ ಇಳಿಯುತ್ತಿದ್ದರೆ ಅದು ಸಂತೋಷದ ಸುದ್ದಿಯಲ್ಲ, ಕ್ಷಯವೋ ಸಕ್ಕರೆ ಕಾಯಿಲೆಯೋ ಇನ್ನೇನೋ ಇರಬಹುದು. ಮತ್ತೆ, ಈ ಮಾತು ಎಲ್ಲರಿಗೂ ಅಲ್ಲ. ನಮ್ಮ ಅಮ್ಮನ ತೂಕ 44 ಕಿಲೊ. ನಾನು ಸೌಟು ಎಣಿಸುವುದನ್ನು ನೋಡಿ ನಗುತ್ತಾರೆ. ‘ನೀನು ಹುಟ್ಟುವಾಗ ಎರಡು ಕಿಲೊ ಇದ್ದಿ, ಮೈ ಹಿಡಿಯಲಿ ಅಂತ ದೇವರಿಗೆ ಹರಕೆ ಹೇಳಿದ್ದೆ’ ಎನ್ನುತ್ತಾರೆ. ಒಂದೇ ಮನೆಯೊಳಗೆ ಒಬ್ಬರಿಗೆ ಕಡಿಮೆಯಾಗಬೇಕು, ಒಬ್ಬರಿಗೆ ಇನ್ನೂ ಸ್ವಲ್ಪ ಬಡಿಸಬೇಕು. ನನ್ನ ಬಟ್ಟಲಿನಿಂದ ಇಳಿದ ಮೀನಿನ ತುಂಡು ಈಗ ಅವರ ಬಟ್ಟಲಿಗೆ ಹೋಗುತ್ತದೆ, ಜಗಳ ಮಾಡಿ ಹಾಕಬೇಕು.

ಸದ್ಯದ ಲೆಕ್ಕ ಇಷ್ಟು. ತೂಕ 80 ಕಿಲೊ. ಎತ್ತರಕ್ಕೆ ಹೋಲಿಸಿದರೆ ಇನ್ನೂ ಹೆಚ್ಚೇ. ಸೊಂಟ 95. ಜೂನ್ ತಿಂಗಳಲ್ಲಿ ಖಾಲಿ ಹೊಟ್ಟೆಯ ಸಕ್ಕರೆ 103. ಎರಡು ತಿಂಗಳಿನಿಂದ ತೂಕ ಅಲ್ಲೇ ನಿಂತಿದೆ. ನಿಂತರೆ ನಿಲ್ಲಲಿ ಎಂದು ಬಿಟ್ಟಿದ್ದೇನೆ. ಏರದೆ ನಿಲ್ಲುವುದಕ್ಕೂ ದಿನಾ ಅಷ್ಟೇ ಕೆಲಸ ಬೇಕು, ಅದನ್ನು ಯಾರೂ ಎಣಿಕೆಗೆ ಹಿಡಿಯುವುದಿಲ್ಲ. ಸಾಲದ ಅಸಲು 17,056. ನಾಲ್ಕನೇ ಪಿಗ್ಮಿ ಸೆಪ್ಟೆಂಬರಿಗೆ ಮುಗಿಯುತ್ತದೆ, ಅದು ಕಟ್ಟಿದ ಮೇಲೂ ಐದಾರು ಸಾವಿರ ಉಳಿಯುತ್ತದೆ.

ಅಕ್ಟೋಬರಿನಲ್ಲಿ ಕಾರ್ಕಳದಲ್ಲಿ ದೊಡ್ಡಮ್ಮನ ಮೊಮ್ಮಗಳ ಮದುವೆ. ಅಷ್ಟರೊಳಗೆ ಸರ ಬರುತ್ತದಾ ಎಂದು ಅಮ್ಮ ಕೇಳಿದರು. ಪುಸ್ತಕ ತೆರೆದು ತೋರಿಸಿದೆ. ಅವರಿಗೆ ಓದಲು ಬರುವುದಿಲ್ಲ, ಆದರೆ ಪಿಗ್ಮಿಯ ಲೆಕ್ಕ ಬಾಯಲ್ಲೇ ಬರುತ್ತದೆ. ಬೆರಳು ಮಡಚಿ ಎಣಿಸಿ, ‘ಮದುವೆಗೆ ಆಗ್ಲಿಕ್ಕಿಲ್ಲ, ದೀಪಾವಳಿ ಕಳೆದು ಬರ್ತದೆ’ ಎಂದರು. ಆಮೇಲೆ ನನ್ನನ್ನು ಒಮ್ಮೆ ಮೇಲಿಂದ ಕೆಳಗೆ ನೋಡಿ, ಮದುವೆಗೆ ಹಾಕಲು ನನ್ನ ಹಳೆಯ ಪ್ಯಾಂಟುಗಳನ್ನು ಸೊಂಟದಲ್ಲಿ ಹಿಡಿಸಲು ದರ್ಜಿಗೆ ಕೊಡು ಎಂದು ಹೇಳಿ ಒಳಗೆ ಹೋದರು. ಒಂದಕ್ಕೆ ಅರವತ್ತು ರೂಪಾಯಿಯಂತೆ. ನಾಲ್ಕು ಪ್ಯಾಂಟು ಇವೆ.